ವಾಲುವ ಕುದುರೆ

ಮಗನ ಒತ್ತಾಯಕ್ಕೆ ಮಣಿದು ಕಳೆದ ತಿಂಗಳು ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಂಡು ತಂದೆವು. ಅಂಗಡಿಯಲ್ಲೇ ಅದರ ಸರಳನ್ನು ಒತ್ತಿ ಬಿಟ್ಟು, ತಂತಿಗಳು ಶ್ರುತಿಗೆ ಮರಳುವುವೇ ಎಂದು ಪರೀಕ್ಷಿಸಬೇಕಾಗಿತ್ತು. ನಾವು ಬಣ್ಣಕ್ಕೆ ಮರುಳಾದೆವು. ಮೂರನೆಯ ದಿನ ಮಗ ಅಳುಮೊಗದಿಂದ ಬಂದು ನಿಂತನು: “ಅಪ್ಪಾ, ಒಂದು ತಂತಿಯನ್ನು ಏರಿಸಿದರೆ ಉಳಿದ ಐದೂ ಇಳಿಯುತ್ತವೆ. ಹಿಂದಿರುಗಿಸಿಬಿಡೋಣ.”

ಹಿಂದಿರುಗಿಸುವಂತಹ ದೋಷ ಅದಲ್ಲ. ಇಂತಹ ಕುದುರೆಯನ್ನು ಅಮೆರಿಕದ ಲಿಯೋ ಫೆಂಡರ್ 1954ರಲ್ಲಿ ತಮ್ಮ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಅಳವಡಿಸಿದರು. (ಸ್ವತಃ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವಂತೆ!) ಅವರಿತ್ತ ‘ಟ್ರೆಮೊಲೋ’ ಎಂಬ ಹೆಸರೂ ಸರಿಯಲ್ಲ, ಆ ಪದ ನಾದದ ಬಲದ ಏರಿಳಿತಕ್ಕೆ ಸಲ್ಲತಕ್ಕುದು. ಇಲ್ಲಿ ತೂಗಾಡುವುದು ಸ್ವರಸ್ಥಾನವೇ.

ನಮ್ಮ ವೀಣೆಯ ಕುದುರೆ ಅಲುಗದು, ಇದಾದರೋ ತಕ್ಕಡಿಯಂತೆ. ಮುಂದಿನಿಂದ ತಂತಿಗಳೂ ಬೆನ್ನಿನೊಳಗಿಂದ ಸ್ಪ್ರಿಂಗುಗಳೂ ಅದನ್ನು ಸೆಳೆಯುತ್ತಿರುತ್ತವೆ. ಒಂದು ತಂತಿಯನ್ನು ಬಿಗಿದೊಡನೆ ಕುದುರೆ ಮುಂದಕ್ಕೆ ವಾಲಿ, ಉಳಿದವು ಸಡಿಲವಾಗುತ್ತವೆ. ಆರನ್ನೂ ಮೂರು ನಾಲ್ಕು ಸಲ ಸುತ್ತಿ ತಿದ್ದಿದ ಮೇಲೆಯೇ ಸಮ ನಿಲ್ಲುವುದು.

ಹಾಗೆ ತಿದ್ದಿ ನೋಡಿದಾಗ ಕುದುರೆಯ ಹಿಂಬದಿ ವಿಪರೀತ ಮೇಲೆದ್ದಿತ್ತು. ಬೆನ್ನಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ತಿರುಪುಗಳನ್ನು ಅರ್ಧ ಸುತ್ತು ಬಿಗಿದೆವು. ಮತ್ತೆ ಶ್ರುತಿ, ಮತ್ತೆ ಅರ್ಧ ಸುತ್ತು. ಸುಮಾರು 3 ಮಿಲಿಮೀಟರ್ ಸಂದು ಉಳಿಯುವ ವೇಳೆಗೆ ರಾತ್ರಿ ಹತ್ತಾಗಿತ್ತು. ಮುಂದೆ ದಪ್ಪ ತಂತಿ ಹಾಕಿದರೆ ಇಷ್ಟನ್ನೂ ಪುನಃ ಮಾಡತಕ್ಕುದು. ಸರಳಿನ ಗೊಡವೆಯೇ ಬೇಡವೆನ್ನುವವರು ಕುದುರೆ ಮರಕ್ಕೆ ಒರಗಿ ಕೂರುವವರೆಗೂ ಬಿಗಿಯಬಹುದು.

ಸರಳನ್ನೊತ್ತಿ ಬಿಟ್ಟೆವು; ಶ್ರುತಿ ಮರಳಿತು. “ಇನ್ನು ಆಂಪ್ಲಿಫಯರ್ ಯಾವಾಗ?” ಎಂದನು ಮಗ.