ಮಹಲಿನ ಮದುವೆ ಮತ್ತು ವಧುವಿನ ಸಹಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ವಿಶಾಲವಾದ ಹುಲ್ಲುಗಾವಲಿನ ನಡುವೆ, ಸಾಲುಮರಗಳ ದಾರಿಯ ಕೊನೆಗೆ ನಿಂತಿರುವ ಹಳೆಯ ಜಮೀನ್ದಾರಿ ಮಹಲುಗಳನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಪರದೆಯ ಮೇಲೆ ಮಾತ್ರ. ಒಂದು ಕಾಲದಲ್ಲಿ ಆ ಮಹಲುಗಳ ಮುಂಬಾಗಿಲು ಕುಲೀನರಿಗೂ ಹಿಂಬಾಗಿಲು ಆಳುಕಾಳುಗಳಿಗೂ ಮೀಸಲಾಗಿತ್ತು. ಇಂದು ಬಾಡಿಗೆ ತೆರಬಲ್ಲ ಯಾರಿಗೇ ಆಗಲಿ ಆ ಮುಂಬಾಗಿಲು ತೆರೆದುಕೊಳ್ಳುತ್ತದೆ. ಮದುವೆ, ವಾರ್ಷಿಕೋತ್ಸವ, ಖಾಸಗಿ ಔತಣಗಳಿಗೆ ಅವು ಅಚ್ಚುಮೆಚ್ಚಿನ ತಾಣಗಳಾಗಿವೆ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಉಪಖಂಡದ ಮುಸ್ಲಿಮ್ ಕುಟುಂಬಗಳೂ ಈ ಮಹಲುಗಳಲ್ಲಿ ನಿಕಾಹ್ ಮತ್ತು ವಲೀಮಾಗಳನ್ನು ಏರ್ಪಡಿಸುತ್ತಿವೆ. ಅಲ್ಲಿಂದ ಬರುವ ಛಾಯಾಚಿತ್ರಗಳನ್ನು ಇಲ್ಲಿನ ಬಂಧುಗಳು ಮೆಚ್ಚುಗೆಯಿಂದ ನೋಡುತ್ತಾರೆ.

ಸಂತೋಷದ ದಿನವನ್ನು ಸುಂದರವಾದ ಸ್ಥಳದಲ್ಲಿ ಕಳೆಯಬೇಕೆಂಬ ಬಯಕೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಚಿತ್ರಗಳಲ್ಲಿ ಕಾಣಿಸದ ಎರಡು ಸಂಗತಿಗಳಿವೆ. ಆ ಮಹಲು ಎಲ್ಲಿಂದ ಬಂತು ಎಂಬುದು ಒಂದು. ಆ ಮಹಲಿನಲ್ಲಿ ನಡೆದ ಮದುವೆಯಿಂದ ವಧುವಿಗೆ ಯಾವ ಹಕ್ಕು ದೊರೆಯಿತು ಎಂಬುದು ಇನ್ನೊಂದು. ಈ ಎರಡನ್ನೂ ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ಮಹಲುಗಳು ಮದುವೆ ಮಂಟಪಗಳಾದದ್ದು ಪ್ರೀತಿಯಿಂದಲ್ಲ, ಅನಿವಾರ್ಯತೆಯಿಂದ. ಕೃಷಿ ಆದಾಯ ಕುಸಿಯಿತು. 1894ರಲ್ಲಿ ಮೃತರ ಆಸ್ತಿಯ ಮೇಲೆ ಹೊಸ ತೆರಿಗೆ ಬಂತು. ಆ ತೆರಿಗೆ ಏರುತ್ತಾ ಹೋಗಿ 1949ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳ ಮೇಲೆ ಶೇ. 80ಕ್ಕೆ ತಲುಪಿತು. ಎರಡು ಮಹಾಯುದ್ಧಗಳು ವಾರಸುದಾರರನ್ನೂ ಆಳುಗಳನ್ನೂ ಕಸಿದುಕೊಂಡವು. ಇಪ್ಪತ್ತನೆಯ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಮಹಲುಗಳು ನೆಲಸಮವಾದವು. ಈ ವಿನಾಶವನ್ನು ಜನರ ಗಮನಕ್ಕೆ ತರಲೆಂದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಪ್ರದರ್ಶನ ನಡೆಯಿತು. ಉಳಿದವುಗಳಲ್ಲಿ ಕೆಲವನ್ನು ನ್ಯಾಷನಲ್ ಟ್ರಸ್ಟ್ ವಹಿಸಿಕೊಂಡಿತು. ಇನ್ನು ಕೆಲವು ಶಾಲೆಗಳಾದವು, ಹೋಟೆಲುಗಳಾದವು. ಒಡೆತನ ಉಳಿಸಿಕೊಂಡ ಮನೆತನಗಳು ಸೋರುವ ಮಾಡಿನ ದುರಸ್ತಿಗೆ ಹಣವಿಲ್ಲದೆ ಪ್ರವೇಶ ಚೀಟಿ ಮಾರತೊಡಗಿದವು.

ಅವರಿಗೆ ದೊಡ್ಡ ಆಸರೆಯಾಗಿ ಬಂದದ್ದು 1994ರ ವಿವಾಹ ಕಾಯ್ದೆ. ಅದುವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಚರ್ಚ್, ನೋಂದಾಯಿತ ಆರಾಧನಾಲಯ ಅಥವಾ ನೋಂದಣಿ ಕಚೇರಿಯಲ್ಲಿ ಮಾತ್ರ ಕಾನೂನುಬದ್ಧ ಮದುವೆ ಸಾಧ್ಯವಿತ್ತು. 1995ರ ಏಪ್ರಿಲ್‌ನಿಂದ, ಸ್ಥಳೀಯಾಡಳಿತದ ಅನುಮತಿ ಪಡೆದ ಇತರ ಕಟ್ಟಡಗಳಲ್ಲಿಯೂ ಸಿವಿಲ್ ವಿವಾಹ ನಡೆಸಬಹುದೆಂದಾಯಿತು. 2010ರಿಂದ ಪ್ರಸಾರವಾದ 'ಡೌನ್‌ಟನ್ ಅಬೆ' ಧಾರಾವಾಹಿಯ ಮೂಲಕ ಜಗತ್ತಿಗೆಲ್ಲ ಪರಿಚಿತವಾದ ಹೈಕ್ಲೇರ್ ಕ್ಯಾಸಲ್ ಕೂಡ ಮದುವೆಗಳಿಗೆ ದೊರೆಯುತ್ತಿತ್ತು. ಮಹಲುಗಳು ಪಾಳುಬೀಳುವುದಕ್ಕಿಂತ ಸಾಮಾನ್ಯರ ಸಂಭ್ರಮಕ್ಕೆ ಒದಗುವುದು ಎಷ್ಟೋ ಮೇಲು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ವೈಭವದ ಮೂಲವೇನು? ಗ್ಲಾಸ್ಟರ್‌ಶೈರ್‌ನ ಸೆಜಿನ್‌ಕೋಟ್ ಎಂಬ ಮಹಲನ್ನೇ ನೋಡಿ. ತಾಮ್ರದ ಗುಮ್ಮಟ, ಮೂಲೆಗಳಲ್ಲಿ ಛತ್ರಿಗಳು, ಚಾಚಿದ ಛಜ್ಜಾ! ಆಗ್ರಾದ ಯಾವುದೋ ಕಟ್ಟಡ ದಾರಿತಪ್ಪಿ ಇಂಗ್ಲೆಂಡಿಗೆ ಬಂದಿದೆಯೇನೋ ಎನಿಸುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿ ಸಂಪತ್ತು ಗಳಿಸಿ ಮರಳಿದ ಚಾರ್ಲ್ಸ್ ಕಾಕರೆಲ್ ಸುಮಾರು 1805ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿಯೂ ಇಂದು ಮದುವೆಗಳು ನಡೆಯುತ್ತವೆ. ಬರ್ಕ್‌ಶೈರ್‌ನ ಬೆಸಿಲ್ಡನ್ ಪಾರ್ಕ್ ಅನ್ನು ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ಬಂಗಾಳದಲ್ಲಿ ಹಣ ಮಾಡಿದವನು. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ ಟ್ರಸ್ಟ್ ತಾನೇ ಒಂದು ವರದಿ ಪ್ರಕಟಿಸಿ, ತನ್ನ ಸುಪರ್ದಿಯಲ್ಲಿರುವ 93 ತಾಣಗಳಿಗೆ ವಸಾಹತುಶಾಹಿ ಅಥವಾ ಗುಲಾಮಗಿರಿಯೊಂದಿಗೆ ನಂಟಿದೆ ಎಂದು ಒಪ್ಪಿಕೊಂಡಿತು. ಇದಕ್ಕಾಗಿ ಅದು ಅಲ್ಲಿನ ಕೆಲವು ರಾಜಕಾರಣಿಗಳ ಮತ್ತು ಪತ್ರಿಕೆಗಳ ಕೆಂಗಣ್ಣಿಗೆ ಗುರಿಯಾಯಿತು. ಮನೆಯ ಅಂದವನ್ನು ಹೊಗಳಬಹುದು, ಆದರೆ ಅದರ ಲೆಕ್ಕಪುಸ್ತಕವನ್ನು ತೆರೆಯಬಾರದು ಎಂಬುದು ಅವರ ನಿಲುವಾಗಿತ್ತೇನೋ!

ಕನ್ನಡ ನಾಡಿನವರಾದ ನಮಗೆ ಈ ಲೆಕ್ಕಪುಸ್ತಕದಲ್ಲಿ ಪ್ರತ್ಯೇಕವಾದ ಒಂದು ಪುಟವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಮದರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಟಿಪ್ಪು ಸುಲ್ತಾನರ ಹಲವು ವಸ್ತುಗಳು ಆ ಕುಟುಂಬದ ಮೂಲಕ ವೇಲ್ಸ್‌ನ ಪೊವಿಸ್ ಕ್ಯಾಸಲ್ ಸೇರಿದವು. ಅವುಗಳಲ್ಲಿ ಸುಲ್ತಾನರ ಡೇರೆಯೂ ಒಂದು. ಹೂಕುಂಡಗಳ ಚಿತ್ತಾರವುಳ್ಳ ಹತ್ತಿಬಟ್ಟೆಯ ಆ ಡೇರೆಯನ್ನು ಪೊವಿಸ್‌ನಲ್ಲಿ ಉದ್ಯಾನದ ಔತಣಕೂಟಗಳಿಗೆ ಚಪ್ಪರವಾಗಿ ಬಳಸಲಾಯಿತು. ನಾಡಿಗಾಗಿ ಹೋರಾಡುತ್ತಾ ಮಡಿದ ದೊರೆಯ ಡೇರೆಯ ನೆರಳಿನಲ್ಲಿ ಅತಿಥಿಗಳು ಚಹಾ ಕುಡಿದರು! 1952ರಲ್ಲಿ ಪೊವಿಸ್ ಕ್ಯಾಸಲ್ ನ್ಯಾಷನಲ್ ಟ್ರಸ್ಟ್‌ನ ವಶಕ್ಕೆ ಬಂತು. ಸಂಭ್ರಮವು ಸ್ಮರಣೆಯನ್ನು ಹೇಗೆ ನುಂಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಹಾಗೆಂದು ಅಂತಹ ಮಹಲುಗಳಿಗೆ ಕಾಲಿಡಬಾರದು ಎಂದು ನಾವು ಹೇಳುವುದಿಲ್ಲ. ಸೆಜಿನ್‌ಕೋಟ್‌ನಂತಹ ಮಹಲಿಗೆ ಬಂಗಾಳ ಮೂಲದ ಕುಟುಂಬವೊಂದು ಅತಿಥೇಯನಾಗಿ ಹೋಗುವುದರಲ್ಲಿ ಚರಿತ್ರೆಯ ಒಂದು ಸಣ್ಣ ನ್ಯಾಯವೂ ಇದ್ದೀತು. ನಮ್ಮ ಬೆಂಗಳೂರಿನ ಅರಮನೆಯೂ ಇಂಗ್ಲೆಂಡಿನ ಟ್ಯೂಡರ್ ಶೈಲಿಯ ಅನುಕರಣೆಯೇ. ಅದರ ಮೈದಾನದಲ್ಲಿ ನಡೆಯುವ ಅದ್ದೂರಿ ಮದುವೆಗಳನ್ನು ನಾವೆಲ್ಲ ಬಲ್ಲೆವು. ಹೋಗುವವರು ತಿಳಿದು ಹೋಗಲಿ, ಮಕ್ಕಳಿಗೆ ಆ ಗೋಡೆಗಳ ಕಥೆಯನ್ನು ಹೇಳಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಮದುವೆಯನ್ನು ಕಟ್ಟಡಕ್ಕೆ ಕಟ್ಟಿಹಾಕಿದೆ. ಅನುಮತಿ ಪಡೆದ ಮಹಲಿನಲ್ಲಿ ಸಿವಿಲ್ ವಿವಾಹ ನಡೆಯಬೇಕಾದರೆ ನೋಂದಣಾಧಿಕಾರಿಗಳು ಹಾಜರಿರಬೇಕು ಮತ್ತು ಆ ವಿಧಿಯಲ್ಲಿ ಧಾರ್ಮಿಕ ಅಂಶ ಇರಕೂಡದು. ಅದೇ ಮಹಲಿನ ಅದೇ ಸಭಾಂಗಣದಲ್ಲಿ ಇಮಾಮರು ಸಾಕ್ಷಿಗಳ ಸಮಕ್ಷಮದಲ್ಲಿ ನಿಕಾಹ್ ನೆರವೇರಿಸಿದರೆ ಧಾರ್ಮಿಕವಾಗಿ ಅದು ಪೂರ್ಣ ವಿವಾಹ. ಆದರೆ ಸಿವಿಲ್ ವಿಧಿ ಪ್ರತ್ಯೇಕವಾಗಿ ನಡೆಯದಿದ್ದರೆ ಅಲ್ಲಿನ ಕಾನೂನಿನ ಕಣ್ಣಿಗೆ ಅವರು ಗಂಡಹೆಂಡಿರೇ ಅಲ್ಲ. ಸ್ಕಾಟ್ಲೆಂಡಿನಲ್ಲಿ ಕಾನೂನು ನೋಡುವುದು ಕಟ್ಟಡವನ್ನಲ್ಲ, ವಿವಾಹ ನೆರವೇರಿಸುವವರ ಅರ್ಹತೆಯನ್ನು. ಗಡಿ ದಾಟಿದರೆ ನಿಯಮ ಬೇರೆ.

ಇದು ಬರಿಯ ತಾಂತ್ರಿಕ ವಿಷಯವೆಂದು ಭಾವಿಸುವವರು ಒಂದು ಪ್ರಕರಣವನ್ನು ಗಮನಿಸಬೇಕು. 1998ರಲ್ಲಿ ಲಂಡನ್ನಿನ ಒಂದು ರೆಸ್ಟೋರೆಂಟಿನಲ್ಲಿ ಇಮಾಮರ ಸಮ್ಮುಖದಲ್ಲಿ, ತುಂಬಿದ ಅತಿಥಿಗಳೆದುರು ಒಂದು ನಿಕಾಹ್ ನಡೆಯಿತು. ಸಿವಿಲ್ ವಿವಾಹವನ್ನು ಆಮೇಲೆ ಮಾಡಿಕೊಳ್ಳುವ ಮಾತಾಗಿತ್ತು. ಪತ್ನಿ ಕೇಳುತ್ತಲೇ ಇದ್ದರೂ ಅದು ನಡೆಯಲಿಲ್ಲ. ನಾಲ್ಕು ಮಕ್ಕಳಾದರು. 2016ರಲ್ಲಿ ದಂಪತಿಗಳು ಬೇರೆಯಾದರು. 2018ರಲ್ಲಿ ಹೈಕೋರ್ಟು ಅದನ್ನು ಅಸಿಂಧು ವಿವಾಹವೆಂದು ಪರಿಗಣಿಸಿ ಆ ಮಹಿಳೆಗೆ ಪರಿಹಾರ ಕೋರುವ ದಾರಿ ತೆರೆಯಿತು. ಆದರೆ 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಅಸಿಂಧು ವಿವಾಹವೂ ಇರಲಿಲ್ಲ ಎಂದಿತು. ಹದಿನೆಂಟು ವರ್ಷಗಳ ಸಂಸಾರಕ್ಕೆ ಒಂದು ಕಾಗದದ ಆಧಾರವಿರಲಿಲ್ಲ.

ಇದು ಒಬ್ಬಾಕೆಯ ಕಥೆಯಲ್ಲ. 2017ರಲ್ಲಿ ಚಾನೆಲ್ 4 ವಾಹಿನಿ ಸುಮಾರು 900 ಮುಸ್ಲಿಮ್ ಮಹಿಳೆಯರನ್ನು ಮಾತನಾಡಿಸಿ ನಡೆಸಿದ ಸಮೀಕ್ಷೆಯ ಪ್ರಕಾರ, ಬ್ರಿಟನ್ನಿನಲ್ಲಿ ನಿಕಾಹ್ ಆದವರಲ್ಲಿ ಶೇ. 60ರಷ್ಟು ಮಂದಿ ಪ್ರತ್ಯೇಕ ಸಿವಿಲ್ ವಿವಾಹ ಮಾಡಿಕೊಂಡಿರಲಿಲ್ಲ. ವಿಪರ್ಯಾಸವನ್ನು ನೋಡಿ. ಹೂವಿನ ಅಲಂಕಾರಕ್ಕೆ, ಛಾಯಾಗ್ರಾಹಕನಿಗೆ, ಕುದುರೆ ಸಾರೋಟಿಗೆ ತಿಂಗಳುಗಟ್ಟಲೆ ಯೋಜನೆ ನಡೆಯುತ್ತದೆ. ನೋಂದಣಾಧಿಕಾರಿಯ ಸಮಯ ಕಾಯ್ದಿರಿಸುವಾಗ ಮಾತ್ರ 'ಆಮೇಲೆ ನೋಡೋಣ' ಎಂಬ ಮಾತು ಬರುತ್ತದೆ. ಆ 'ಆಮೇಲೆ' ಅನೇಕರ ಬಾಳಿನಲ್ಲಿ ಬರುವುದೇ ಇಲ್ಲ. ಮನೆಯ ಮೇಲೆ ಆಕೆಗೆ ಹಕ್ಕಿಲ್ಲ, ವಿಚ್ಛೇದನದ ಪರಿಹಾರವಿಲ್ಲ, ಪತಿ ಉಯಿಲು ಬರೆಯದೆ ತೀರಿಕೊಂಡರೆ ವಿಧವೆಯೆಂಬ ಸ್ಥಾನವೂ ಇಲ್ಲ.

ದೋಷ ಕಾನೂನಿನದೂ ಹೌದು. 1753ರ ವಿವಾಹ ಕಾಯ್ದೆಯಲ್ಲಿ ಯಹೂದಿಗಳಿಗೆ ಮತ್ತು ಕ್ವೇಕರ್ ಪಂಗಡದವರಿಗೆ ವಿನಾಯಿತಿ ದೊರೆಯಿತು. ನಂತರದ ಕಾಯ್ದೆಗಳಲ್ಲಿಯೂ ಅವರಿಗೆ ಆ ವಿಶೇಷ ಸ್ಥಾನ ಮುಂದುವರಿಯಿತು. ಇತರ ಧರ್ಮೀಯರು ಕಟ್ಟಡದ ನೋಂದಣಿಯನ್ನೇ ಅವಲಂಬಿಸಬೇಕಾಯಿತು. 2022ರ ಜುಲೈನಲ್ಲಿ ಅಲ್ಲಿನ ಕಾನೂನು ಆಯೋಗವು ಕಟ್ಟಡವನ್ನು ಬಿಟ್ಟು ವಿವಾಹ ನೆರವೇರಿಸುವವರನ್ನು ನಿಯಂತ್ರಿಸುವ ವ್ಯವಸ್ಥೆ ಬರಲೆಂದು ಶಿಫಾರಸು ಮಾಡಿತು. ಶಿಫಾರಸು ಸ್ವಾಗತಾರ್ಹ. ಆದರೆ ಕಾನೂನು ಬದಲಾಗುವ ತನಕ ಹೆಣ್ಣುಮಕ್ಕಳ ಬದುಕು ಕಾಯಬೇಕೇ? ಹೊಣೆ ಕುಟುಂಬಗಳದು, ಇಮಾಮರದು, ಮಸೀದಿ ಸಮಿತಿಗಳದು. ನಿಕಾಹ್ ಎಂಬುದು ಒಪ್ಪಂದ. ಸಾಕ್ಷಿಗಳು, ಮಹ್ರ್, ಬಹಿರಂಗ ಘೋಷಣೆ ಇವೆಲ್ಲವೂ ವಧುವಿನ ಹಕ್ಕು ಗುಟ್ಟಿನಲ್ಲಿ ಕರಗಿಹೋಗದಿರಲೆಂದೇ ಇವೆ. ತಾನು ವಾಸಿಸುವ ದೇಶದ ಕಾನೂನಿನಲ್ಲಿ ಆ ಒಪ್ಪಂದ ದಾಖಲಾಗುವುದು ನಿಕಾಹ್‌ನ ಆಶಯಕ್ಕೆ ಪೂರಕವೇ ಹೊರತು ವಿರುದ್ಧವಲ್ಲ.

ನಮ್ಮ ಊರುಗಳ ಹೆತ್ತವರಿಗೂ ಇದು ದೂರದ ಮಾತಲ್ಲ. ಭಾರತದಲ್ಲಿ ಕಾನೂನುಬದ್ಧವಾಗಿ ನಡೆದ ನಿಕಾಹನ್ನು ಬ್ರಿಟನ್ ಸಾಮಾನ್ಯವಾಗಿ ಮಾನ್ಯ ಮಾಡುತ್ತದೆ. ಅದಕ್ಕೆ ದಾಖಲೆ ಬೇಕು. ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸಬೇಕೆಂದು 2006ರಲ್ಲಿ ನಮ್ಮ ಸುಪ್ರೀಂ ಕೋರ್ಟು ನಿರ್ದೇಶಿಸಿದ್ದನ್ನು ನೆನಪಿಸಿಕೊಳ್ಳೋಣ. ಮದುವೆ ಅಲ್ಲಿಯೇ ನಡೆಯುವುದಾದರೆ ಮಗಳನ್ನು ಕೊಡುವವರು ಸಭಾಂಗಣದ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಸಿವಿಲ್ ವಿವಾಹದ ದಿನಾಂಕ ಯಾವುದು ಎಂದು ಕೇಳಲಿ. ಸಾಧ್ಯವಿದ್ದರೆ ನಿಕಾಹ್‌ಗೆ ಮುನ್ನವೇ ಅದು ಮುಗಿಯಲಿ. ಕೇಳಲು ಸಂಕೋಚಪಡಬೇಕಾಗಿಲ್ಲ. ಪ್ರಾಮಾಣಿಕ ವರನಿಗೆ ಅದರಿಂದ ನೋವಾಗದು.

2021ರ ಮೇ ತಿಂಗಳಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ದಾಖಲೆಯಲ್ಲಿ ತಂದೆಯ ಹೆಸರಿನ ಜೊತೆಗೆ ತಾಯಿಯ ಹೆಸರಿಗೂ ಸ್ಥಾನ ದೊರೆತಿದೆ. ಸಂಜೆಯಾದರೆ ಮಹಲಿನ ದೀಪಗಳು ಆರುತ್ತವೆ, ಬಾಡಿಗೆಯ ಅವಧಿ ಮುಗಿಯುತ್ತದೆ, ಮರುದಿನ ಅದೇ ಸಭಾಂಗಣ ಇನ್ನಾರದೋ ಆಗುತ್ತದೆ. ವಧು ತನ್ನೊಂದಿಗೆ ಕೊಂಡೊಯ್ಯುವುದು ಆ ದಾಖಲೆಯನ್ನು ಮಾತ್ರ. ತಾಯಿಯ ಹೆಸರುಳ್ಳ ಆ ಕಾಗದದ ಮೇಲೆ ಮಗಳ ಸಹಿ ಬಿದ್ದಿದೆಯೇ ಎಂಬುದನ್ನು ಖಚಿತಪಡಿಸಿಕೊಂಡ ಬಳಿಕವೇ ನಾವು ಊಟಕ್ಕೆ ಕುಳಿತುಕೊಳ್ಳೋಣ.