ಸೈಕಲ್ ಹೊತ್ತ ಕಾರು ಮತ್ತು ಅದರ ಹಿಂದೆ ಬರುವವರು

ಶನಿವಾರ, ಭಾನುವಾರಗಳ ನಸುಕಿನಲ್ಲಿ ಬೆಂಗಳೂರು ಬಿಟ್ಟು ಉತ್ತರಕ್ಕೆ ಹೊರಡುವ ಕಾರುಗಳ ಬೆನ್ನ ಮೇಲೆ, ತಲೆಯ ಮೇಲೆ ಸೈಕಲ್‌ಗಳಿರುವುದು ಈಗ ಹೊಸ ನೋಟವೇನಲ್ಲ. ಕೆಲವು ದೇವನಹಳ್ಳಿಯ ಹಾದಿ ಹಿಡಿದು 1,478 ಮೀಟರ್ ಎತ್ತರದ ನಂದಿಬೆಟ್ಟದ ಬುಡ ಸೇರುತ್ತವೆ. ಇನ್ನು ಕೆಲವು ಯಲಹಂಕ, ದೊಡ್ಡಬಳ್ಳಾಪುರ ದಾಟಿ ತೂಬಗೆರೆ ಹೋಬಳಿಯ ರಸ್ತೆಗಳಿಗೆ ಇಳಿಯುತ್ತವೆ. ಇಲ್ಲಿ ಮಾಕಳಿದುರ್ಗವಿದೆ, ಘಾಟಿ ಸುಬ್ರಹ್ಮಣ್ಯವಿದೆ, ಕಾಲಿಗೆ ಕಸುವು ಕೊಡುವ ಏರಿಳಿತವಿದೆ, ನಗರಕ್ಕಿಂತ ಒಳ್ಳೆಯ ಗಾಳಿಯಿದೆ. ಬರುವವರು ಧಾರಾಳವಾಗಿ ಬರಲಿ. ಆದರೆ ಕಾರಿಗೆ ಸೈಕಲ್ ಕಟ್ಟುವಾಗ ಬಹುತೇಕ ಜನ ಹಾಕುವ ಲೆಕ್ಕ ಎರಡೇ: ಸೈಕಲ್ ಕೆಳಗೆ ಬಿದ್ದೀತೇ, ಕಾರಿನ ಬಣ್ಣ ಕೆಟ್ಟೀತೇ. ಈ ಎರಡೂ ಕಾರಿನೊಳಗೆ ಕೂತವರ ನಷ್ಟದ ಲೆಕ್ಕಗಳು. ಆ ಕಾರಿನ ಹಿಂದೆ, ಪಕ್ಕದಲ್ಲಿ, ಎದುರಿಗೆ ಬರುವವರ ಲೆಕ್ಕವನ್ನು ಯಾರೂ ಹಾಕುತ್ತಿಲ್ಲ. ಸೈಕಲ್ ಸಾಗಣೆಯ ಸುರಕ್ಷತೆ ಮೊದಲು ಅವರದಾಗಬೇಕು, ಕ್ಯಾರಿಯರ್ ಆಯ್ಕೆಯಿಂದ ಹಿಡಿದು ಸರ್ಕಾರದ ನಿಯಮದವರೆಗೆ ಎಲ್ಲವೂ ಅಲ್ಲಿಂದಲೇ ಹೊರಡಬೇಕು ಎಂಬುದು ನನ್ನ ವಾದ.

ಆ ಹೊತ್ತಿಗೆ ಹಳ್ಳಿ ರಸ್ತೆಯಲ್ಲಿ ಯಾರಿರುತ್ತಾರೆ ನೋಡಿ. ಬೆಳಕು ಹರಿಯುವ ಮುಂಚೆಯೇ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೊರಟ ದ್ವಿಚಕ್ರ ವಾಹನಗಳು, ಹೂವು ತರಕಾರಿ ಮಾರುಕಟ್ಟೆಗೆ ಒಯ್ಯುವವರು, ಪಾಳಿಯ ಕೆಲಸಕ್ಕೆ ಕಾರ್ಖಾನೆಗೆ ಓಡುವವರು. ಶನಿವಾರವಾದರೆ ಬೆಳಗಿನ ಶಾಲೆ. ನಗರದವರಿಗೆ ವಾರಾಂತ್ಯ ಶುರುವಾದಾಗ ಹಳ್ಳಿಯ ಮಕ್ಕಳು ಇನ್ನೂ ಬ್ಯಾಗು ಹೊತ್ತು ರಸ್ತೆಯ ಅಂಚಿನಲ್ಲಿ ನಡೆಯುತ್ತಲೋ ಸೈಕಲ್ ತುಳಿಯುತ್ತಲೋ ಇರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕರ್ನಾಟಕದ ಪಾಲು 11,702 ಸಾವು. ಇವುಗಳಲ್ಲಿ ಸೈಕಲ್ ಕ್ಯಾರಿಯರ್‌ನಿಂದಾದವು ಎಷ್ಟು ಎಂದು ಈ ಅಂಕಿಗಳು ಹೇಳುವುದಿಲ್ಲ, ಆ ಕಾರಣಕ್ಕೆ ನಾನು ಇವನ್ನು ತಂದಿದ್ದೂ ಅಲ್ಲ. ಇಕ್ಕಟ್ಟಾದ ರಸ್ತೆಯಲ್ಲಿ ಸಣ್ಣದೊಂದು ತಪ್ಪಿಗೆ ಮೊದಲು ಬೆಲೆ ತೆರುವವರು ಯಾರು ಎಂಬುದನ್ನು ಇವು ತೋರಿಸುತ್ತವೆ.

ಈಗ ಅಳತೆಗೆ ಬರೋಣ. ಸಾಮಾನ್ಯ ರಸ್ತೆ ಸೈಕಲ್ಲಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು ಒಂದು ಮೀಟರ್, ಚಕ್ರದ ವ್ಯಾಸ ಸುಮಾರು 68 ಸೆಂಟಿಮೀಟರ್. ಎರಡೂ ಸೇರಿದರೆ ಉದ್ದ 1.68 ಮೀಟರ್ ಆಯಿತು. ದಪ್ಪ ಟೈರಿನ, 29 ಇಂಚು ಚಕ್ರದ ಬೆಟ್ಟದ ಸೈಕಲ್ ಆದರೆ 1.85 ಮೀಟರ್ ದಾಟುವುದು ಸುಲಭ. ಆಲ್ಟೊ ಕೆ10 ಕಾರಿನ ಅಗಲ 1.49 ಮೀಟರ್, ವ್ಯಾಗನ್ ಆರ್‌ನದು 1.62, ಸ್ವಿಫ್ಟ್‌ನದು 1.735. ಅಂದರೆ ಡಿಕ್ಕಿಯ ಹಿಂದೆ ಅಡ್ಡಲಾಗಿ ನೇತುಹಾಕಿದ ಬೆಟ್ಟದ ಸೈಕಲ್ ವ್ಯಾಗನ್ ಆರ್‌ನ ಮೈಯಿಂದ ಒಟ್ಟು ಒಂದು ಗೇಣಷ್ಟು ಹೊರಚಾಚುತ್ತದೆ. ಸಾಲದ್ದಕ್ಕೆ ಅದು ಎರಡೂ ಕಡೆ ಸಮನಾಗಿ ಕೂರುವುದಿಲ್ಲ. ಎರಡು ಮೂರು ಸೈಕಲ್‌ಗಳನ್ನು ಒಂದಕ್ಕೊಂದು ತಾಗದಂತೆ ಹಿಂದುಮುಂದಾಗಿ ಕಟ್ಟಿದಾಗ ಯಾವುದೋ ಒಂದು ಚಕ್ರ ಪೂರ್ತಿ ಒಂದೇ ಬದಿಗೆ ಬಂದು ನಿಲ್ಲುತ್ತದೆ. ಕಾರಿನ ಪಕ್ಕದ ಕನ್ನಡಿಗಳೂ ಅಷ್ಟೇ ಹೊರಗಿರುತ್ತವಲ್ಲ ಎಂದು ಕೇಳಬಹುದು. ಕನ್ನಡಿ ತಗುಲಿದರೆ ಮಡಚಿಕೊಳ್ಳುತ್ತದೆ, ಡ್ರೈವರ್‌ನ ಕಣ್ಣಳತೆಯಲ್ಲೇ ಇರುತ್ತದೆ. ಚಕ್ರ ಮಡಚಿಕೊಳ್ಳುವುದಿಲ್ಲ, ಡ್ರೈವರ್‌ಗೆ ಕಾಣುವುದೂ ಇಲ್ಲ. ಹಿಂದಿನಿಂದ ಬಂದು ಕಾರನ್ನು ದಾಟುವ ಬೈಕಿನವನು ಅದರ ಅಗಲವನ್ನು ಅಂದಾಜು ಮಾಡುವುದು ಹಿಂಭಾಗದ ಮೈಯನ್ನೂ ಎರಡು ಕೆಂಪು ದೀಪಗಳನ್ನೂ ನೋಡಿ. ದೀಪದಾಚೆಗೆ ಕಪ್ಪು ಟೈರೊಂದು ತನ್ನ ಮೊಣಕೈಯ ಎತ್ತರದಲ್ಲಿ ಚಾಚಿಕೊಂಡಿದೆ ಎಂದು ನಸುಗತ್ತಲಲ್ಲಿ ಅವನಿಗೆ ತಿಳಿಯುವುದಾದರೂ ಹೇಗೆ? ಕಬ್ಬಿಣದ ಸರಳು, ಬಿದಿರು ಹೇರಿದ ಗಾಡಿಯ ತುದಿಗೆ ಕೆಂಪು ಬಟ್ಟೆ ಕಟ್ಟುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಲಕ್ಷ ರೂಪಾಯಿಯ ಸೈಕಲ್ ಸಾಗಿಸುವ ಕಾರಿನಲ್ಲಿ ಆ ತುಂಡು ಬಟ್ಟೆಯೂ ಇರುವುದಿಲ್ಲ.

ಅಗಲದಷ್ಟೇ ದೊಡ್ಡ ತೊಂದರೆ ದೀಪ ಮತ್ತು ನಂಬರ್ ಪ್ಲೇಟ್ ಮರೆಯಾಗುವುದು. ಅದೇ 2022ರ ವರದಿಯ ಪ್ರಕಾರ ದೇಶದ ಅಪಘಾತಗಳಲ್ಲಿ ಶೇ 21.4ರಷ್ಟು ಹಿಂದಿನಿಂದ ಗುದ್ದಿದ್ದರಿಂದ ಆದವು. ಬ್ರೇಕ್ ದೀಪ ಹೊತ್ತಿಕೊಂಡಿದ್ದು ಹಿಂದಿನವರಿಗೆ ಅರೆಕ್ಷಣ ತಡವಾಗಿ ಕಂಡರೂ ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೆ ವಾಹನ ಎಂಟು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಪೆಡಲ್, ಚೈನು, ಚಕ್ರಗಳ ಸಂದಿಯಿಂದ ಮಿಣುಗುವ ಇಂಡಿಕೇಟರನ್ನು ಗುರುತಿಸಲು ತಗಲುವ ಸಮಯ ಅದಕ್ಕಿಂತ ಕಡಿಮೆಯೇನಲ್ಲ. ಇನ್ನು ನಂಬರ್ ಪ್ಲೇಟ್. ಗುದ್ದಿ ಓಡಿಹೋದ ಕಾರನ್ನು ಹಳ್ಳಿಯವರು ಗುರುತಿಸಬೇಕಾದರೆ ಇರುವ ಆಧಾರ ಅದೊಂದೇ. ಎಲ್ಲ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಿಕೊಳ್ಳಿ ಎಂದು ಸರ್ಕಾರ ಗಡುವಿನ ಮೇಲೆ ಗಡುವು ಕೊಟ್ಟು ಜನರನ್ನು ಓಡಾಡಿಸಿದೆ. ಆ ಫಲಕವನ್ನೇ ಸೈಕಲ್ಲಿನ ಹಿಂದೆ ಬಚ್ಚಿಟ್ಟರೆ ಅಷ್ಟೆಲ್ಲ ಓಡಾಟಕ್ಕೆ ಏನರ್ಥ?

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಕಲಂ ಕಟ್ಟುನಿಟ್ಟಾಗಿದೆ. ವಾಹನದಲ್ಲಿ ಹೇರಿದ ಸರಕು ಅದರ ಮೈಯಿಂದ ಪಕ್ಕಕ್ಕೆ, ಅಥವಾ ಹಿಂದೆ, ಮುಂದೆ, ಮೇಲೆ ಅನುಮತಿಸಿದ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ, ಜೊತೆಗೆ ಇಳಿಸುವ ಖರ್ಚು. ವಾಹನದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಾಡು ಮಾಡಬಾರದು ಎನ್ನುತ್ತದೆ 52ನೇ ಕಲಂ. ನಂಬರ್ ಪ್ಲೇಟ್ ಕಾಣುವಂತಿರಬೇಕು, ರಾತ್ರಿ ಅದರ ಮೇಲೆ ಬೆಳಕು ಬೀಳಬೇಕು ಎನ್ನುತ್ತವೆ ಕೇಂದ್ರದ ನಿಯಮಗಳು. ಆದರೆ ಸೈಕಲ್ ಕ್ಯಾರಿಯರ್ ಹಾಕಬಹುದೇ, ಹಾಕಿದರೆ ಹೇಗಿರಬೇಕು ಎಂದು ತಿಳಿಯಲು ಈ ಕಾಯ್ದೆಯ ಕಲಂಗಳನ್ನು ತಿರುವಿದರೆ ನೇರವಾದ ಉತ್ತರ ಸಿಗುವುದಿಲ್ಲ. ಉತ್ತರವಿಲ್ಲದ ಕಡೆ ರಸ್ತೆ ಬದಿಯಲ್ಲಿ ನಿಂತ ಸಿಬ್ಬಂದಿಯ ವ್ಯಾಖ್ಯಾನವೇ ಕಾನೂನಾಗುತ್ತದೆ. ಒಬ್ಬರು ಬಿಡುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಇದರ ಪರಿಣಾಮ ಸುರಕ್ಷತೆಗೆ ಒಳ್ಳೆಯದಾಗಿಲ್ಲ. ದಂಡಕ್ಕೆ ಹೆದರಿದವರು ಕ್ಯಾರಿಯರ್ ಬಿಟ್ಟು, ಸೈಕಲ್ಲನ್ನು ಡಿಕ್ಕಿಗೆ ಅರ್ಧ ತುರುಕಿ, ಡಿಕ್ಕಿಯ ಬಾಗಿಲನ್ನು ಹಗ್ಗದಿಂದ ಕಟ್ಟಿ ತೆರೆದುಕೊಂಡೇ ಹೊರಡುತ್ತಾರೆ. ತೆರೆದ ಡಿಕ್ಕಿಯಿಂದ ಸೈಲೆನ್ಸರ್ ಹೊಗೆ ಕಾರಿನೊಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳಿಗೆ ಅದು ಪ್ರಾಣಕ್ಕೇ ಎರವಾಗಬಹುದು.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿಕೊಂಡು ಬಹಳ ಕಾಲವಾಯಿತು. ಜರ್ಮನಿಯಲ್ಲಿ ಕ್ಯಾರಿಯರ್ ನಂಬರ್ ಪ್ಲೇಟನ್ನು ಮರೆಮಾಡಿದರೆ ಅದೇ ಸಂಖ್ಯೆಯ ಇನ್ನೊಂದು ಫಲಕವನ್ನು ಕ್ಯಾರಿಯರ್ ಮೇಲೆ ಹಾಕಲೇಬೇಕು. ನೆದರ್ಲೆಂಡ್ಸ್‌ನಲ್ಲಿ ಕಾರಿನದು ಹಳದಿ ಫಲಕ, ಸೈಕಲ್ ಕ್ಯಾರಿಯರ್‌ಗೆ ಪ್ರತ್ಯೇಕವಾದ ಬಿಳಿ ಫಲಕ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ ರಾಜ್ಯಗಳಲ್ಲಿ ಸೈಕಲ್ ಕ್ಯಾರಿಯರ್‌ಗೆಂದೇ ಹೆಚ್ಚುವರಿ ಫಲಕವನ್ನು ಸರ್ಕಾರವೇ ಕೊಡುತ್ತದೆ. ಬ್ರಿಟನ್‌ನಲ್ಲಿ ದೀಪಗಳು ಮುಚ್ಚಿಹೋದರೆ ಬ್ರೇಕ್ ಲೈಟು, ಇಂಡಿಕೇಟರ್, ನಂಬರ್ ಎಲ್ಲ ಇರುವ ದೀಪದ ಹಲಗೆಯನ್ನು ಸೈಕಲ್ಲಿನ ಹಿಂದೆ ಕಟ್ಟುತ್ತಾರೆ. ಇದರಲ್ಲಿ ನಮಗೆ ನಿಲುಕದ ತಂತ್ರಜ್ಞಾನವೇನೂ ಇಲ್ಲ. ನಮ್ಮಲ್ಲಿ ಮೂಲೆಯ ಅಂಗಡಿಯಲ್ಲಿ ಎರಡನೇ ಪ್ಲೇಟ್ ಬರೆಸಿಕೊಂಡರೆ ಅದು ನಕಲಿ ಫಲಕವೆಂಬ ಅನುಮಾನಕ್ಕೆ ಗುರಿಯಾಗುತ್ತದೆ, ಆದ್ದರಿಂದ ಫಲಕ ಅಧಿಕೃತವಾಗಿಯೇ ಬರಬೇಕು. ನಿಯಮ ಕೇಂದ್ರದ್ದು, ನಿಜ. ಆದರೆ ಬೇಡಿಕೆ ಇಡಬೇಕಾದದ್ದು ರಾಜ್ಯ. ಅಲ್ಲಿಯವರೆಗೆ ಇರುವ ನಿಯಮದೊಳಗೆ ಯಾವುದು ಸರಿ, ಯಾವುದು ತಪ್ಪು ಎಂದು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಚಿತ್ರಸಹಿತ ತಿಳಿಸುವುದಕ್ಕೆ ರಾಜ್ಯದ ಸಾರಿಗೆ ಇಲಾಖೆ ಯಾರನ್ನೂ ಕಾಯಬೇಕಾಗಿಲ್ಲ.

ಹಾಗಾದರೆ ಇವತ್ತು ಸೈಕಲ್ ಒಯ್ಯುವವರು ಏನು ಮಾಡಬೇಕು? ನನ್ನ ಉತ್ತರ ಸ್ಪಷ್ಟ: ಒಂದೋ ಎರಡೋ ಸೈಕಲ್ ಆದರೆ ಕಳಚಿ ಕಾರಿನೊಳಗೇ ಇಡಿ. ಈಗಿನ ಹೆಚ್ಚಿನ ಗೇರ್ ಸೈಕಲ್‌ಗಳ ಮುಂಚಕ್ರ ಪಾನಾ ಇಲ್ಲದೆಯೇ ಬಿಚ್ಚುತ್ತದೆ. ಎರಡೂ ಚಕ್ರ ತೆಗೆದು, ಹಿಂದಿನ ಸೀಟನ್ನು ಮಡಚಿ, ಫ್ರೇಮನ್ನು ಚೈನ್ ಇರುವ ಬದಿ ಮೇಲಾಗುವಂತೆ ಹಳೆಯ ಕಂಬಳಿಯ ಮೇಲೆ ಮಲಗಿಸಿದರೆ ಸಣ್ಣ ಕಾರಿನಲ್ಲೂ ಒಂದು ಸೈಕಲ್ ಹಿಡಿಯುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಜಾಗದಲ್ಲಿ ಬ್ರೇಕ್ ಪ್ಯಾಡುಗಳ ನಡುವೆ ಒಂದು ರಟ್ಟಿನ ತುಂಡು ಸಿಕ್ಕಿಸಿ, ಇಲ್ಲವಾದರೆ ದಾರಿಯಲ್ಲಿ ಲಿವರ್ ಒತ್ತಿಹೋಗಿ ಪ್ಯಾಡುಗಳು ಕಚ್ಚಿಕೊಳ್ಳುತ್ತವೆ. ಆದರೆ ಒಳಗಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಬಿಗಿಯಾಗಿ ಕಟ್ಟಲೇಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಎಂದಿಟ್ಟುಕೊಳ್ಳಿ. ಒಳಗಿನ ವಸ್ತುಗಳು ಮುಂದಕ್ಕೆ ನುಗ್ಗುವ ಬಲ ಅವುಗಳ ತೂಕದ ಸುಮಾರು ಇಪ್ಪತ್ತು ಪಟ್ಟು. ಹನ್ನೆರಡು ಕೆ.ಜಿ. ಸೈಕಲ್ ಆ ಕ್ಷಣದಲ್ಲಿ 240 ಕೆ.ಜಿ.ಯಷ್ಟು ಭಾರವಾಗಿ ಡ್ರೈವರ್‌ನ ಬೆನ್ನಿಗೆ ಎರಗುತ್ತದೆ. ಸರಕು ಕಟ್ಟುವುದಕ್ಕೆಂದು ಡಿಕ್ಕಿಯ ನೆಲದಲ್ಲಿ ಕೊಕ್ಕೆಗಳಿದ್ದರೆ ಫ್ರೇಮನ್ನು ಅವಕ್ಕೆ ಬಿಗಿಯಿರಿ. ಹಿಂದಿನ ಸೀಟಿನ ಅರ್ಧ ಮಡಚಿ ಉಳಿದರ್ಧದಲ್ಲಿ ಮಗುವನ್ನು ಕೂರಿಸುವ ಅಭ್ಯಾಸವನ್ನು ಇವತ್ತೇ ಬಿಡಿ.

ಹೊರಗೆ ಕಟ್ಟದೆ ಗತಿಯಿಲ್ಲ ಎನ್ನುವವರಿಗೆ, ಹಿಂದಿಗಿಂತ ಮೇಲೆ ಕಟ್ಟುವುದು ಬೇರೆಯವರ ಮಟ್ಟಿಗೆ ಕಡಿಮೆ ಅಪಾಯದ ದಾರಿ. ಅಲ್ಲಿ ದೀಪ, ಫಲಕ ಮುಚ್ಚುವುದಿಲ್ಲ, ಅಗಲ ಮೀರುವುದಿಲ್ಲ. ಆದರೆ ಚಾವಣಿ ಎಷ್ಟು ಭಾರ ಹೊರುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಕ್ಯಾರಿಯರಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು ಏರುತ್ತದೆ, ಹಾಗಾಗಿ ಊರೊಳಗೆ ಅಲುಗದ ಪಟ್ಟಿ ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ಸಡಿಲಬಹುದು. ರಬ್ಬರ್ ಹಗ್ಗ ಎಳೆದಷ್ಟೂ ಹಿಗ್ಗುವುದರಿಂದ ಅದನ್ನು ಚಕ್ರ ತಿರುಗದಂತೆ ಹಿಡಿಯಲು ಮಾತ್ರ ಬಳಸಿ. ಸೈಕಲ್ಲಿನ ಭಾರ ಹೊರಲು ಹಿಗ್ಗದ ಪಟ್ಟಿಯೇ ಬೇಕು. ಹೊರಟು ಐದಾರು ಕಿಲೋಮೀಟರ್ ಆದಮೇಲೆ ಒಮ್ಮೆ ನಿಲ್ಲಿಸಿ, ಪ್ರತಿ ಗಂಟನ್ನೂ ಕೈಯಿಂದ ಎಳೆದು ನೋಡಿ. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ ನಿಂತರೆ ಒಟ್ಟು ಎತ್ತರ ಎರಡೂವರೆ ಮೀಟರ್ ಮೀರುತ್ತದೆ. ಹಳ್ಳಿ ಬೀದಿಯ ಕೇಬಲ್ ತಂತಿ, ಹುಣಸೆ ಕೊಂಬೆ, ಮರಳಿ ಮನೆಗೆ ಬಂದಾಗ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಾಗಿಲು, ಎಲ್ಲವೂ ನೆನಪಿರಬೇಕು. ಡಿಕ್ಕಿಗೇ ಕಟ್ಟುವುದಾದರೆ ಮುಂಚಕ್ರ ಕಳಚಿ ಅಗಲ ತಗ್ಗಿಸಿ, ದೀಪ ಮತ್ತು ಫಲಕ ಕಾಣುತ್ತವೆಯೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಕಾಣದಿದ್ದರೆ ಹೊರಡಬೇಡಿ.

ಸೈಕಲ್ ತುಳಿಯಲು ಕಾರೇಕೆ, ಮನೆಯಿಂದಲೇ ತುಳಿದುಕೊಂಡು ಬರಲಿ ಎನ್ನುವವರಿದ್ದಾರೆ. ಕತ್ತಲಲ್ಲಿ ವಿಮಾನ ನಿಲ್ದಾಣದ ರಸ್ತೆಯಲ್ಲಿ ಟ್ಯಾಕ್ಸಿಗಳ ವೇಗದ ನಡುವೆ ಸೈಕಲ್ ತುಳಿಯಿರಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಅದರಲ್ಲೂ ಮಕ್ಕಳಿಗೆ. ಕಾರಿನಲ್ಲಿ ಒಯ್ಯುವುದೇ ಅಲ್ಲಿ ವಿವೇಕ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹುಲ್ಲು ಹೇರಿದ ಟ್ರ್ಯಾಕ್ಟರು, ಪೈಪು ಚಾಚಿದ ಗೂಡ್ಸ್ ಆಟೊಗಳನ್ನು ಬಿಟ್ಟು ಸೈಕಲ್ ಹವ್ಯಾಸಿಗಳ ಮೇಲೇಕೆ ಕಣ್ಣು? ಆ ಗಾಡಿಗಳೂ ಅಪಾಯಕಾರಿಯೇ, ಅವಕ್ಕೂ ದೀಪ, ಪ್ರತಿಫಲಕ ಕಡ್ಡಾಯವಾಗಿ ಬೇಕು. ಆದರೆ ಹೊಟ್ಟೆಪಾಡಿಗೆ ಹೊರೆ ಹೊರುವವನಿಗೂ ಬಿಡುವಿನ ಸಂತೋಷಕ್ಕೆ ಹೊರಟವನಿಗೂ ಅನುಕೂಲದಲ್ಲಿ ಅಂತರವಿದೆ. ಸಂತೋಷಕ್ಕೆ ಬೇರೆಯವರ ಊರಿನ ರಸ್ತೆಗೆ ಬರುವವರ ಹೊಣೆ ಒಂದು ತೂಕ ಹೆಚ್ಚೇ ಇರಬೇಕು. ಹೊಸ ನಿಯಮವೆಂದರೆ ಹೊಸ ವಸೂಲಿ ಎಂಬ ಭಯವೂ ಸಹಜ. ಆದರೆ ವಸೂಲಿಗೆ ಅವಕಾಶ ಕೊಡುವುದು ಅಸ್ಪಷ್ಟತೆ. ಫಲಕ ಕಾಣಬೇಕು, ದೀಪ ಕಾಣಬೇಕು, ಕಾರಿನ ಅಗಲಕ್ಕಿಂತ ಇಂತಿಷ್ಟೇ ಮೀರಬಹುದು ಎಂದು ಅಳತೆಯಲ್ಲಿ ಬರೆದಿಟ್ಟರೆ ಟೇಪು ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಚೌಕಾಸಿಗೆ ಜಾಗ ಉಳಿಯುವುದಿಲ್ಲ.

ಸಾರಿಗೆ ಇಲಾಖೆ ಆ ಒಂದು ಪುಟದ ಸುತ್ತೋಲೆಯನ್ನು ಹೊರಡಿಸಲಿ, ನಂದಿಬೆಟ್ಟ ಮತ್ತು ಘಾಟಿಯ ದಾರಿಯ ತಪಾಸಣಾ ಸ್ಥಳಗಳಲ್ಲಿ ಅಂಟಿಸಲಿ, ಹೆಚ್ಚುವರಿ ಫಲಕಕ್ಕಾಗಿ ಕೇಂದ್ರಕ್ಕೆ ಬರೆಯಲಿ. ಕ್ಯಾರಿಯರ್ ಮಾರುವ ಅಂಗಡಿಗಳು ಸೈಕಲ್ ಕಟ್ಟಿದ ಮೇಲೆ ದೀಪ ಕಾಣುತ್ತದೆಯೇ ಎಂದು ಗ್ರಾಹಕರಿಗೆ ತೋರಿಸಿಯೇ ಹಣ ಪಡೆಯಲಿ. ಮುಂದಿನ ಶನಿವಾರ ತೂಬಗೆರೆಯ ಕಡೆಗೆ ಹೊರಡುವವರು ಸುತ್ತೋಲೆಗಾಗಿ ಕಾಯದೆ, ಅಂದೇ ಚಕ್ರ ಕಳಚಿ ಸೈಕಲ್ಲನ್ನು ಒಳಗಿಟ್ಟುಕೊಳ್ಳಲಿ.