ನೆರೆಯ ಅಪ್ಪಣೆ

ಮನುಷ್ಯನ ಕರ್ಣಶಂಖದೊಳಗೆ ಸುಮಾರು 15,000 ರೋಮಕೋಶಗಳು. ಕೇಳುವ ಕೆಲಸಕ್ಕೆ ಇವೇ ಮೂಲ. ಆದರೆ ಅವು ಒಂದಕ್ಕೊಂದು ಅಂಟಿ ಕುಳಿತಿಲ್ಲ, ನಡುನಡುವೆ ಆಧಾರಕೋಶಗಳಿವೆ. ಭ್ರೂಣದಲ್ಲಿ ಎರಡಕ್ಕೂ ಹುಟ್ಟು ಒಂದೇ. ರೋಮಕೋಶವಾಗ ಹೊರಟದ್ದು ತನ್ನ ಮೈಮೇಲಿನ ಪ್ರೋಟೀನಿನಿಂದ ನೆರೆಯ ಕೋಶದ ‘ನಾಚ್’ ಎಂಬ ಗ್ರಾಹಕವನ್ನು ಮುಟ್ಟುತ್ತದೆ. ಮುಟ್ಟಿಸಿಕೊಂಡದ್ದು ರೋಮಕೋಶವಾಗುವ ಆಸೆಯನ್ನು ತೊರೆದು ಆಧಾರಕೋಶವಾಗಿ ನಿಲ್ಲುತ್ತದೆ. (ಹಣ್ಣುನೊಣದ ಕಚ್ಚುಬಿದ್ದ ರೆಕ್ಕೆಯಿಂದ ಬಂದ ಹೆಸರಿದು, ನಮ್ಮ ನಾಚಿಕೆಗೂ ಅದಕ್ಕೂ ನಂಟಿಲ್ಲ, ಇದ್ದಿದ್ದರೆ ಎಷ್ಟು ಒಪ್ಪುತ್ತಿತ್ತು!)

ಅಬ್ಬರದ ಸದ್ದಿಗೆ ರೋಮಕೋಶ ಸತ್ತರೆ ಹಕ್ಕಿಗಳಲ್ಲಿ ಹೊಸದು ಹುಟ್ಟುವುದೆಂದು 1988ರಲ್ಲಿ ತಿಳಿಯಿತು. ಹುಟ್ಟುವುದು ಆ ಆಧಾರಕೋಶದಿಂದಲೇ. ಮನುಷ್ಯನ ಕರ್ಣಶಂಖದಲ್ಲಿ ಸತ್ತದ್ದು ಸತ್ತಂತೆಯೇ. 2013ರಲ್ಲಿ, ಸದ್ದಿನಿಂದ ಕಿವುಡಾದ ಇಲಿಗಳಲ್ಲಿ ನಾಚ್‌ನ ಸಂಕೇತವನ್ನು ಔಷಧದಿಂದ ತಡೆದರು. ಕೆಲವು ರೋಮಕೋಶಗಳು ಹೊಸದಾಗಿ ಮೂಡಿದವು, ಶ್ರವಣಶಕ್ತಿ ಮರಳಿತು, ತುಸು ಮಾತ್ರ.